ಭೋಗ–ಯೋಗಗಳ ನಡುವೆ ಕವಿ: ಕೆರೆಕಟ್ಟೆಯ ಘಟ್ಟದ ಇಕ್ಕೆಲಗಳಲ್ಲಿ ಸ್ಫೂರ್ತಿ ಮತ್ತು ಸಮತೋಲದ ಚರಿತ್ರೆ

ಶೃಂಗೇರಿಯಿಂದ ಕಾರ್ಕಳಕ್ಕೆ ಇಳಿಯುವ ದಾರಿಯಲ್ಲಿ, ನೆಮ್ಮಾರನ್ನು ಹಿಂದಿಟ್ಟು ಕಾಡನ್ನು ಹೊಕ್ಕ ಮೇಲೆ ಕೆರೆಕಟ್ಟೆ ಎಂಬ ಊರು ಸಿಗುತ್ತದೆ. ಇದು ತುಂಗೆಯ ಮೇಲ್ಹರಿವಿನ ಪ್ರದೇಶ. ಇಂದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಡಿಲು. ಇನ್ನೂ ಮುಂದೆ ಸಾಗಿದರೆ ಜನರ ಬಾಯಲ್ಲಿ ಇಂದಿಗೂ 'ಎಸ್.ಕೆ. ಬಾರ್ಡರ್' ಎಂದೇ ಉಳಿದಿರುವ ಗಡಿ. ಆ ಹೆಸರಿನಲ್ಲಿ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ನೆನಪಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಈ ಗೆರೆಯ ಮೂಡಣಕ್ಕೆ ಮೈಸೂರು, ಪಡುವಣಕ್ಕೆ ಮದರಾಸು. ಶೃಂಗೇರಿಯ ದಾರಿ, ಕಳಸದ ದಾರಿ, ಕಾರ್ಕಳದ ದಾರಿ ಮೂರೂ ಅಲ್ಲಿ ಕೂಡುತ್ತವೆ. ಒಂದು ಮಗ್ಗುಲಲ್ಲಿ ಬಿದ್ದ ಮಳೆ ತುಂಗೆಯನ್ನು ಸೇರಿ ಕೃಷ್ಣೆಯ ಮೂಲಕ ಮೂಡಣ ಕಡಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಕೆಲವೇ ಹರದಾರಿ ಹರಿದು ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ.

ಈ ಘಟ್ಟದ ಎರಡು ಮಗ್ಗುಲುಗಳಲ್ಲಿ ಕನ್ನಡದ ಇಬ್ಬರು ಮಹಾಕವಿಗಳು ಹುಟ್ಟಿದರು. ಪಡುವಣ ತಪ್ಪಲಿನ ಮೂಡಬಿದಿರೆಯಲ್ಲಿ 16ನೆಯ ಶತಮಾನದ ರತ್ನಾಕರವರ್ಣಿ. ಮೂಡಣದಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ತವರುಮನೆಯಲ್ಲಿ, 1904ರ ಡಿಸೆಂಬರ್ 29ರಂದು ಕುವೆಂಪು. ಕಾಲದಲ್ಲಿ ಮೂರೂವರೆ ಶತಮಾನಗಳ ಅಂತರ, ಮತದಲ್ಲಿ ಭೇದ, ಛಂದಸ್ಸಿನಲ್ಲಿ ಭೇದ. ಆದರೂ ಇಬ್ಬರನ್ನೂ ಕಾಡಿದ ಪ್ರಶ್ನೆ ಒಂದೇ: ಲೋಕದಲ್ಲಿ ಸಂಪೂರ್ಣವಾಗಿ ಬಾಳುತ್ತಲೇ ಒಳಗಿನ ಕಣ್ಣನ್ನು ತೆರೆದಿಟ್ಟುಕೊಳ್ಳುವುದು ಹೇಗೆ? ಕವಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಅದು ಬಂದಾಗ ಅವನ ಬಾಳು ಅದನ್ನು ಹಿಡಿದಿಡಬಲ್ಲುದೇ ಎಂಬ ಪ್ರಶ್ನೆಯೂ ಇದರೊಳಗೇ ಅಡಗಿದೆ. ಈ ಪ್ರಶ್ನೆಗೆ ಕನ್ನಡದಲ್ಲಿ ಒಂದು ದೀರ್ಘ ಇತಿಹಾಸವಿದೆ. ಆ ಇತಿಹಾಸದ ಬಹುಭಾಗವನ್ನು ಬರೆದವರು ಜೈನ ಕವಿಗಳು.

ಕಾವ್ಯಹೇತುವಿನ ವಿಚಾರ

ಸ್ಫೂರ್ತಿಯ ಕುರಿತು ಭಾರತೀಯ ಕಾವ್ಯಮೀಮಾಂಸೆ ಆರಂಭದಿಂದಲೂ ಎಚ್ಚರದ ಮಾತನ್ನೇ ಆಡಿದೆ. ದಂಡಿಯು ತನ್ನ 'ಕಾವ್ಯಾದರ್ಶ'ದಲ್ಲಿ ಕಾವ್ಯಸಂಪತ್ತಿಗೆ ಮೂರು ಕಾರಣಗಳನ್ನು ಹೇಳುತ್ತಾನೆ: ಸಹಜವಾಗಿ ಬಂದ ಪ್ರತಿಭೆ, ವಿಪುಲವೂ ನಿರ್ಮಲವೂ ಆದ ಶಾಸ್ತ್ರಜ್ಞಾನ, ಎಡೆಬಿಡದ ಅಭ್ಯಾಸ. ಅಷ್ಟಕ್ಕೇ ನಿಲ್ಲದೆ, ಜನ್ಮಾಂತರದ ವಾಸನೆಯಿಂದ ಬರುವ ಪ್ರತಿಭೆ ಇಲ್ಲದವನಿಗೂ ಓದು ಮತ್ತು ಯತ್ನಗಳಿಂದ ಉಪಾಸಿಸಿದರೆ ವಾಗ್ದೇವಿ ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುತ್ತಾಳೆ ಎಂದು ಅವನು ಸೇರಿಸುತ್ತಾನೆ. ಈ ದಂಡಿಯ ಹಾದಿಯಲ್ಲೇ ನಡೆದು, 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡದ್ದು 'ಕವಿರಾಜಮಾರ್ಗ'. ಕನ್ನಡದ ಮೊದಲ ಉಪಲಬ್ಧ ಗ್ರಂಥವೇ ಕವಿಗೆ ಶಿಕ್ಷಣ ಕೊಡುವ ಗ್ರಂಥವಾಗಿರುವುದು ಗಮನಾರ್ಹ. ಕವಿತ್ವವು ಕೇವಲ ಮೇಲಿನಿಂದ ಇಳಿದು ಬರುವ ವರವಾಗಿದ್ದರೆ ಅಂಥ ಗ್ರಂಥದ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಲಾಕ್ಷಣಿಕರು ಹೇಳಿದ ಮೂರು ಕಾರಣಗಳ ಪಟ್ಟಿಯಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಅಭ್ಯಾಸಕ್ಕೆ ಕಾಲ ಬೇಕು. ಕಾಲಕ್ಕೆ ಅನ್ನದ ಆಧಾರ ಬೇಕು. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳನ್ನು ಹೊತ್ತ ಮನುಷ್ಯನೊಬ್ಬನು ಯಾರದೋ ಮಗ, ಗಂಡ, ತಂದೆ, ಸೇವಕ, ಶ್ರಾವಕ ಆಗಿರುತ್ತಾನೆ. ಈ ಬಿಟ್ಟುಹೋದ ಅಂಶವನ್ನು ತುಂಬಿಕೊಳ್ಳಬೇಕಾದರೆ ಲಕ್ಷಣಗ್ರಂಥಗಳನ್ನಲ್ಲ, ಕವಿಗಳು ತಮ್ಮ ಕಾವ್ಯಗಳ ಆದಿ–ಅಂತ್ಯಗಳಲ್ಲಿ ಹೇಳಿಕೊಂಡ ಆತ್ಮವೃತ್ತಗಳನ್ನು ನೋಡಬೇಕಾಗುತ್ತದೆ.

ಪಂಪನು ಎಳೆದ ಗೆರೆ

ಪಂಪನು ಹುಟ್ಟಿದ್ದು 902ರಲ್ಲಿ. 'ಆದಿಪುರಾಣ' ಮುಗಿದದ್ದು 941ರಲ್ಲಿ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದ ಅವನು ಕವಿಯಷ್ಟೇ ಅಲ್ಲ, ಕಲಿಯೂ ಹೌದು. ಬದುಕಿನಲ್ಲಿ ಇದ್ದ ಈ ಇಮ್ಮಡಿತನವನ್ನು ಅವನು ಕಾವ್ಯದಲ್ಲಿ ಮರೆಮಾಚಲಿಲ್ಲ. ಬದಲಾಗಿ ಅದಕ್ಕೊಂದು ವ್ಯವಸ್ಥೆಯನ್ನು ಕೊಟ್ಟನು. 'ವಿಕ್ರಮಾರ್ಜುನ ವಿಜಯ'ದಲ್ಲಿ ಲೌಕಿಕವನ್ನೂ 'ಆದಿಪುರಾಣ'ದಲ್ಲಿ ಜಿನಾಗಮವನ್ನೂ ಬೆಳಗುವುದಾಗಿ ಅವನೇ ಹೇಳಿಕೊಂಡಿದ್ದಾನೆ. ಒಂದನ್ನು ಆರು ತಿಂಗಳಲ್ಲೂ ಇನ್ನೊಂದನ್ನು ಮೂರು ತಿಂಗಳಲ್ಲೂ ಮುಗಿಸಿದುದಾಗಿ ಲೆಕ್ಕವನ್ನೂ ಒಪ್ಪಿಸಿದ್ದಾನೆ.

ಈ ವಿಭಜನೆಯನ್ನು ಮತೀಯ ಕರ್ತವ್ಯ ಒಂದೆಡೆ, ರಾಜಸೇವೆ ಇನ್ನೊಂದೆಡೆ ಎಂದು ಓದುವುದು ರೂಢಿ. ಆದರೆ ಅದರಲ್ಲಿ ಸೃಷ್ಟಿಶೀಲನಾದವನ ಒಂದು ವಿವೇಕವೂ ಇದೆ. ಪಂಪನು ಎರಡನ್ನೂ ಒಂದೇ ಕೃತಿಯಲ್ಲಿ ಕಲಸಲಿಲ್ಲ. ಒಂದಕ್ಕಾಗಿ ಇನ್ನೊಂದನ್ನು ತೊರೆಯಲೂ ಇಲ್ಲ. ಪ್ರತಿಯೊಂದಕ್ಕೂ ಅದರದೇ ಪಾತ್ರೆಯನ್ನು ಮಾಡಿಕೊಟ್ಟನು. ಹಾಗೆಂದು ಎರಡು ಪಾತ್ರೆಗಳ ನಡುವೆ ಸಂಬಂಧವೇ ಇಲ್ಲವೆಂದಲ್ಲ. ಯುದ್ಧಭೂಮಿಯನ್ನು ಕಂಡ ಕವಿಯೇ ಭರತ–ಬಾಹುಬಲಿಗಳ ಕದನದ ವ್ಯರ್ಥತೆಯನ್ನು ಅಷ್ಟು ತೀವ್ರವಾಗಿ ಚಿತ್ರಿಸಬಲ್ಲವನಾದನು. ದಿಗ್ವಿಜಯ ಮುಗಿಸಿದ ಭರತನು ತನ್ನ ಪ್ರಶಸ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಬಂದರೆ, ಹಿಂದೆ ಆಗಿಹೋದ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಆ ಬೆಟ್ಟದಲ್ಲಿ ತೆರಪೇ ಉಳಿದಿರುವುದಿಲ್ಲ. ರಾಜಪ್ರಶಸ್ತಿಯನ್ನು ಬರೆಯುವುದೇ ವೃತ್ತಿಯಾಗಿದ್ದ ಆಸ್ಥಾನಕವಿಯೊಬ್ಬನು ಈ ಪ್ರಸಂಗವನ್ನು ಮನಸ್ಸಿಟ್ಟು ಬರೆದಿದ್ದಾನೆ ಎಂಬುದನ್ನು ಮರೆಯಲಾಗದು. ಲೌಕಿಕದ ಅನುಭವವೇ ಆಗಮಿಕಕ್ಕೆ ಸ್ಫೂರ್ತಿಯಾಯಿತು.

ಪಂಪನು ಹಾಕಿಕೊಟ್ಟ ಈ ಕ್ರಮವು ಮುಂದೆ ಸಂಪ್ರದಾಯವೇ ಆಯಿತು. ಪೊನ್ನನು 'ಶಾಂತಿಪುರಾಣ'ದ ಜೊತೆಗೆ ಇಂದು ದೊರೆಯದ 'ಭುವನೈಕರಾಮಾಭ್ಯುದಯ'ವನ್ನು ಬರೆದನು. ಮುಧೋಳದ ಬಳೆಗಾರ ಮನೆತನದಿಂದ ಬಂದ ರನ್ನನು 993ರಲ್ಲಿ 'ಅಜಿತಪುರಾಣ'ವನ್ನು ಮುಗಿಸಿದನು. ಅವನ 'ಸಾಹಸಭೀಮವಿಜಯ' ಲೌಕಿಕಕ್ಕೆ ಸಂದಿತು. ಹೊಯ್ಸಳರ ಕಾಲದ ಜನ್ನನು ಕವಿಚಕ್ರವರ್ತಿ ಮಾತ್ರವಲ್ಲ, ದಂಡಾಧೀಶನೂ ಮಂತ್ರಿಯೂ ಆಗಿದ್ದನು. 1209ರ ಅವನ 'ಯಶೋಧರ ಚರಿತೆ' ಮುನ್ನೂರು ಚಿಲ್ಲರೆ ಪದ್ಯಗಳ, ಬಹುಪಾಲು ಕಂದಗಳಲ್ಲೇ ಸಾಗುವ ಕಿರುಗಾವ್ಯ. 1230ರ 'ಅನಂತನಾಥ ಪುರಾಣ' ಹಿರಿದಾದ ಚಂಪು. ರಾಜ್ಯಭಾರದ ಹೊರೆ ಹೊತ್ತವನ ಬಿಗಿ ಮೊದಲನೆಯದರಲ್ಲಿದೆ. ಅಲ್ಲಿ ಒಂದು ಮಾತೂ ವ್ಯರ್ಥವಾಗಿ ಬಿದ್ದಿಲ್ಲ.

ಕವಿಯ ಅನ್ನ, ಕಾವ್ಯದ ಓಲೆ

ಸಮತೋಲವು ಕವಿಯೊಬ್ಬನ ಸ್ವಂತ ಸಾಧನೆ ಮಾತ್ರವೇ? ರನ್ನನ ಬಾಳು ಈ ಪ್ರಶ್ನೆಗೆ ಬೇರೊಂದು ಉತ್ತರ ಕೊಡುತ್ತದೆ. 'ಅಜಿತಪುರಾಣ'ವನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದವಳೂ ಅವಳೇ. ಸಾವಿರ ಪ್ರತಿಗಳೆಂದರೆ ಎಷ್ಟು ಮಂದಿ ಲಿಪಿಕಾರರ ಎಷ್ಟು ತಿಂಗಳ ದುಡಿಮೆ ಎಂಬುದನ್ನು ಊಹಿಸಿದರೆ, ಕಾವ್ಯವೊಂದು ಉಳಿಯಲು ಕವಿಯ ಪ್ರತಿಭೆಯಷ್ಟೇ ಸಾಲದು ಎಂಬುದು ಮನದಟ್ಟಾಗುತ್ತದೆ. ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದೂ, ಮಗನಿಗೆ ಇನ್ನೊಬ್ಬ ಪೋಷಕನಾದ ಚಾವುಂಡರಾಯನ ನೆನಪಿಗೆ ರಾಯನೆಂದೂ ಹೆಸರಿಟ್ಟನು. ಮಕ್ಕಳ ಹೆಸರಿನಲ್ಲಿ ಪೋಷಕರ ಋಣವನ್ನು ಒಪ್ಪಿಕೊಂಡ ಈ ಕೃತಜ್ಞತೆಯಲ್ಲಿ ಕವಿಯ ಮನೆ ಮತ್ತು ಕವಿಯ ಕಾವ್ಯ ಒಂದೇ ಆಧಾರದ ಮೇಲೆ ನಿಂತಿದ್ದವೆಂಬ ಅರಿವಿದೆ.

ಆಧಾರ ಕಡಿದಾಗ, ಇಲ್ಲವೇ ಆಯುಸ್ಸು ಮುಗಿದಾಗ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ವೀರಬಲ್ಲಾಳನ ಕಾಲದ ನೇಮಿಚಂದ್ರನು 'ಲೀಲಾವತಿ'ಯೆಂಬ ಶೃಂಗಾರಕಾವ್ಯವನ್ನು ಮುಗಿಸಿದನು. ಆದರೆ ಅವನ 'ನೇಮಿನಾಥ ಪುರಾಣ' ನಡುವಿನಲ್ಲೇ ನಿಂತು 'ಅರ್ಧನೇಮಿ' ಎಂಬ ಹೆಸರನ್ನು ಹೊತ್ತಿತು. ಲೌಕಿಕ ಪೂರ್ಣವಾಗಿ ಆಗಮಿಕ ಅರ್ಧವಾದ ಈ ಜೋಡಿ, ಪಂಪನ ಸಮತೋಲ ಎಲ್ಲರಿಗೂ ದಕ್ಕುವಂಥದಲ್ಲ ಎಂಬುದನ್ನು ಮೌನವಾಗಿ ಹೇಳುತ್ತದೆ.

ಘಟ್ಟದ ಪಡುವಣ: ತ್ಯಾಗಿಯ ಬೆಟ್ಟ, ಭೋಗಿಯ ಕಾವ್ಯ

ಮತ್ತೆ ಕೆರೆಕಟ್ಟೆಯ ದಾರಿಗೆ ಬರೋಣ. ಹೊಂಬುಜದಲ್ಲಿ ನೆಲೆಗೊಂಡ ಸಾಂತರರ ಶಾಖೆ ಮುಂದೆ ಕಳಸಕ್ಕೂ ಅಲ್ಲಿಂದ ಕಾರ್ಕಳಕ್ಕೂ ಹಬ್ಬಿತು. ಕಳಸ–ಕಾರ್ಕಳ ರಾಜ್ಯವೆಂದರೆ ಘಟ್ಟದ ಮೇಲೂ ಕೆಳಗೂ ಕಾಲಿಟ್ಟು ನಿಂತ ರಾಜ್ಯ. ಅದರ ಭೈರರಸ ಒಡೆಯರಿಗೆ ಈ ಕಣಿವೆಗಳು ಗಡಿಯಲ್ಲ, ನಡುಮನೆ. ಜಿನಧರ್ಮದ ನೆಲೆಗಳೂ ಎರಡು ಮಗ್ಗುಲಲ್ಲಿದ್ದವು. ಶಾರದೆಯ ಪೀಠವೆಂದು ಪ್ರಸಿದ್ಧವಾದ ಶೃಂಗೇರಿಯಲ್ಲೇ 12ನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಕ್ಷೇತ್ರವೂ ಜೈನಮಠವೂ ಇವೆ. ಘಟ್ಟವಿಳಿದರೆ ಕಾರ್ಕಳ, ಮೂಡಬಿದಿರೆ, ವೇಣೂರು.

1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನು ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯ ಏಕಶಿಲಾಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಸುಮಾರು 42 ಅಡಿ ಎತ್ತರದ ಈ ಮೂರ್ತಿ ಸಾರುವುದು ಒಂದೇ ತತ್ತ್ವ: ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲೇ ಬಿಟ್ಟುಕೊಡುವ ತ್ಯಾಗ. ಪಂಪನ 'ಆದಿಪುರಾಣ', ಚಾವುಂಡರಾಯನ ಶ್ರವಣಬೆಳಗೊಳದ ಗೊಮ್ಮಟ, ಕಾರ್ಕಳದ ಗೊಮ್ಮಟ — ಐದು ಶತಮಾನಗಳ ಕಾಲ ಕನ್ನಡ ಜೈನ ಕಲ್ಪನೆಯ ಶಿಖರದಲ್ಲಿ ನಿಂತವನು ತಮ್ಮ ಬಾಹುಬಲಿ. ಅಣ್ಣ ಭರತನು ಚಕ್ರವನ್ನು ಎಸೆದು ತಲೆ ತಗ್ಗಿಸಿದವನು.

ಆ ಗೊಮ್ಮಟನು ನಿಂತು ಒಂದು ಶತಮಾನ ಕಳೆದ ಮೇಲೆ, ಅದೇ ಸೀಮೆಯ ಕವಿಯೊಬ್ಬನು ಬಾಹುಬಲಿಯನ್ನು ಬಿಟ್ಟು ಭರತನನ್ನು ನಾಯಕನನ್ನಾಗಿ ಆರಿಸಿಕೊಂಡನು. ರತ್ನಾಕರವರ್ಣಿಯ 'ಭರತೇಶ ವೈಭವ' ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ಬೃಹತ್ಕೃತಿ. ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂಬ ಅದರ ಐದು ಭಾಗಗಳ ಹೆಸರುಗಳೇ ಕವಿಯ ನಿಲುವನ್ನು ಹೇಳುತ್ತವೆ. ಭೋಗವೂ ಇಲ್ಲಿ ಸೋಲಲ್ಲ, ಒಂದು ವಿಜಯ. ಅರಮನೆಯ ಸಂಗೀತ, ನಾಟ್ಯ, ಊಟ, ಸರಸ ಎಲ್ಲದರ ನಡುವೆ ಭರತನು ತನ್ನ ಆತ್ಮವನ್ನು ಮರೆಯುವುದಿಲ್ಲ. ಅಣ್ಣತಮ್ಮಂದಿರ ಯುದ್ಧವನ್ನೂ ರತ್ನಾಕರನು ತಪ್ಪಿಸಿಬಿಡುತ್ತಾನೆ. ಭರತನ ಮೃದುಮಾತಿನ ಎದುರು ಬಾಹುಬಲಿಯ ಬಿಗುಮಾನವೇ ಕರಗುತ್ತದೆ.

ಈ ಬದಲಾವಣೆ ಕವಿಯ ಲಹರಿಯಿಂದ ಬಂದದ್ದಲ್ಲ. ಅದಕ್ಕೆ ಶಾಸ್ತ್ರದಲ್ಲೇ ಒಂದು ಬೀಜವಿದೆ. ಭರತ ಚಕ್ರವರ್ತಿಯು ದೀಕ್ಷೆ ತಳೆದ ಅಂತರ್ಮುಹೂರ್ತದಲ್ಲೇ ಕೇವಲಜ್ಞಾನವನ್ನು ಪಡೆದನೆಂದು ಪುರಾಣ ಹೇಳುತ್ತದೆ. ಬಾಹುಬಲಿಗಾದರೋ ಒಂದು ವರ್ಷದ ಪ್ರತಿಮಾಯೋಗ ಬೇಕಾಯಿತು. 96,000 ರಾಣಿಯರ ನಡುವೆ ಬಾಳಿದವನಿಗೆ ಗಳಿಗೆ ಎರಡು ಗಳಿಗೆಯೊಳಗೆ ದಕ್ಕಿದ್ದು, ಬಳ್ಳಿ ಹಬ್ಬುವವರೆಗೆ ನಿಂತವನಿಗೆ ವರ್ಷವಾದರೂ ದಕ್ಕದಿದ್ದದ್ದೇಕೆ? ಈ ಸಂದೇಹವೇ ರತ್ನಾಕರನ ಸ್ಫೂರ್ತಿಯ ಮೂಲ. ಅವನು ಕಂಡುಕೊಂಡ ಉತ್ತರವೆಂದರೆ, ಭರತನ ಸಾಧನೆ ದೀಕ್ಷೆಯ ದಿನ ಆರಂಭವಾದುದಲ್ಲ. ಅರಮನೆಯಲ್ಲಿದ್ದಾಗಲೇ ದಿನದಿನವೂ ನಡೆದಿತ್ತು. ದೊಡ್ಡ ಕೃತಿಗಳು ಹೀಗೆಯೇ ಹುಟ್ಟುತ್ತವೆ: ಪರಂಪರೆಯಲ್ಲಿ ಎಲ್ಲರೂ ಓದಿ ದಾಟಿಹೋದ ಒಂದು ಸಾಲಿನ ಮುಂದೆ ಒಬ್ಬನು ನಿಂತುಬಿಡುತ್ತಾನೆ.

ಗೃಹಸ್ಥನಿಗೆ ವಿಧಿಸಿರುವ ಶಿಕ್ಷಾವ್ರತಗಳಲ್ಲಿ 'ಸಾಮಾಯಿಕ'ವೂ ಒಂದು. ಒಂದು ಮುಹೂರ್ತ, ಅಂದರೆ 48 ನಿಮಿಷ, ಎಲ್ಲ ವ್ಯವಹಾರವನ್ನು ಬದಿಗಿಟ್ಟು ಸಮಭಾವದಲ್ಲಿ ನೆಲಸುವುದು ಅದರ ಕ್ರಮ. ಮುನಿಯ ಮಹಾವ್ರತಕ್ಕೆ ಹೋಲಿಸಿದರೆ ಇದು ಕಿರಿದು. ಆದರೆ ಇದರ ಬಲವಿರುವುದು ಪರಿಮಿತಿಯಲ್ಲೇ. ಅಂಗಡಿಯೂ ಮನೆಯೂ ಹೊಲವೂ ಇದ್ದವನು ದಿನದ ಒಂದಂಶವನ್ನು ಬೇಲಿ ಕಟ್ಟಿ ಕಾಯ್ದುಕೊಳ್ಳುತ್ತಾನೆ. ಆ ಒಂದಂಶದ ಹದ ಉಳಿದ ದಿನಕ್ಕೆಲ್ಲ ಹರಡುತ್ತದೆ. ರತ್ನಾಕರನ ಭರತನು ಈ ಶ್ರಾವಕಧರ್ಮದ ಪರಮಾದರ್ಶ. ಬರೆಯುವವನ ಬಾಳಿಗೂ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗುವುದು ಕಷ್ಟ.

ದಂತಕಥೆಯ ಕವಿ

ಸಮತೋಲದ ಮಹಾಕಾವ್ಯವನ್ನು ಬರೆದವನ ಬಾಳು ಹೇಗಿತ್ತು? 19ನೆಯ ಶತಮಾನದ ಮೊದಲ ಅರ್ಧದಲ್ಲಿ ದೇವಚಂದ್ರನು ರಚಿಸಿದ 'ರಾಜಾವಳಿ ಕಥೆ' ಒಂದು ಕಥೆಯನ್ನು ಹೇಳುತ್ತದೆ. ರತ್ನಾಕರನು ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದನು. ರಾಜಕುಮಾರಿಗೂ ಅವನಿಗೂ ಪ್ರೇಮ ಬೆಳೆಯಿತು. ವಿಷಯ ಅರಸನ ಕಿವಿಗೆ ಬಿದ್ದಾಗ ಅವನು ಓಡಿಹೋಗಿ ಮಹೇಂದ್ರಕೀರ್ತಿ ಗುರುಗಳಲ್ಲಿ ವ್ರತ ಹಿಡಿದನು. ಮುಂದೆ ವಿಜಯಣ್ಣನ 'ದ್ವಾದಶಾನುಪ್ರೇಕ್ಷೆ'ಯನ್ನು ಆನೆಯ ಮೇಲೆ ಮೆರೆಸಿದಾಗ ತನ್ನ ಕಾವ್ಯಕ್ಕೂ ಅದೇ ಗೌರವ ಸಲ್ಲಬೇಕೆಂದು ಕೇಳಿದನು. ಅದರಲ್ಲಿ ಶಾಸ್ತ್ರವಿರುದ್ಧವಾದ ಪದ್ಯಗಳಿವೆಯೆಂದು ಭಟ್ಟಾರಕರು ಒಪ್ಪಲಿಲ್ಲ. ವಾದ ಬೆಳೆದು, ಶ್ರಾವಕರ ಮನೆಗಳಲ್ಲಿ ಅವನಿಗೆ ಭಿಕ್ಷೆ ದೊರೆಯದಂತಾಯಿತು. ಅಕ್ಕನ ಮನೆಯಲ್ಲಿ ಉಂಡು ಕೆಲಕಾಲ ಕಳೆದ ಅವನು ಕೊನೆಗೆ ಬೇಸತ್ತು ವೀರಶೈವನಾದನು. ಬಳಿಕ ಮತ್ತೆ ಜಿನಧರ್ಮಕ್ಕೆ ಮರಳಿದನು.

ಈ ವೃತ್ತಾಂತವನ್ನು ಜೀವನಚರಿತ್ರೆಯೆಂದು ಸ್ವೀಕರಿಸುವಂತಿಲ್ಲ. ಕವಿಯ ಕಾಲಕ್ಕೂ ಕಥೆಯ ಕಾಲಕ್ಕೂ ಮೂರು ಶತಮಾನಗಳಿಗೆ ಸಮೀಪದ ಅಂತರವಿದೆ. ದಶವಾಯುಗಳನ್ನು ಗೆದ್ದು ಅರಮನೆಯ ಉಪ್ಪರಿಗೆಯನ್ನೇರಿದನೆಂಬಂಥ ಅಂಶಗಳು ಅದರಲ್ಲಿ ಬೆರೆತಿವೆ. ಆದರೂ ಇದನ್ನು ತಳ್ಳಿಹಾಕುವುದೂ ತರವಲ್ಲ. ದಂತಕಥೆಯು ಕವಿಯ ಬಗ್ಗೆ ಸಾಕ್ಷ್ಯವಲ್ಲದಿದ್ದರೂ ಕವಿಯನ್ನು ಓದಿದ ಸಮಾಜದ ಬಗ್ಗೆ ಸಾಕ್ಷ್ಯವೇ. 'ಭರತೇಶ ವೈಭವ'ವನ್ನು ಓದಿ ಆನಂದಿಸಿದ ಜನಕ್ಕೆ, ಭೋಗ–ಯೋಗಗಳನ್ನು ಇಷ್ಟು ಸಲೀಸಾಗಿ ಕೂಡಿಸಿದ ಕವಿಯು ಸ್ವತಃ ಆ ಎರಡರ ನಡುವೆ ಸೀಳಿಹೋಗಿದ್ದಿರಬೇಕು ಎಂದು ತೋರಿತು. ಕಥೆಯ ಒಂದೊಂದು ತಿರುವೂ ಒಂದೊಂದು ಸಮತೋಲದ ಭಂಗ: ಮೊದಲು ಪ್ರೇಮದಿಂದ, ಆಮೇಲೆ ಕೀರ್ತಿಯ ಆಸೆಯಿಂದ, ಕೊನೆಗೆ ಅನ್ನದ ಅಭಾವದಿಂದ.

ಈ ಮೂರರಲ್ಲಿ ಮೂರನೆಯದು ವಿಶೇಷವಾಗಿ ವಿಚಾರಾರ್ಹ. ಪ್ರೇಮ ಮತ್ತು ಕೀರ್ತಿಗಳ ವಿಷಯದಲ್ಲಿ ಕವಿಯೇ ತನ್ನನ್ನು ತಿದ್ದಿಕೊಳ್ಳಬೇಕೆಂದು ಹೇಳಬಹುದು. ಆದರೆ ಭಿಕ್ಷೆಯ ಬಾಗಿಲು ಮುಚ್ಚಿದ ಮೇಲೆ ಯಾವ ಆತ್ಮಧ್ಯಾನ ಕವಿಯನ್ನು ಉಳಿಸಬಲ್ಲುದು? ಶಾಸ್ತ್ರದ ಶುದ್ಧಿಯನ್ನು ಕಾಯುವುದು ಗುರುಪೀಠದ ಹೊಣೆ, ಅದರಲ್ಲಿ ತಪ್ಪಿಲ್ಲ. ಪರಂಪರೆಯ ಒಳಗಿದ್ದೇ ಅದನ್ನು ಹೊಸದಾಗಿ ಕಾಣುವುದು ಕವಿಯ ಹೊಣೆ, ಅದರಲ್ಲೂ ತಪ್ಪಿಲ್ಲ. ಎರಡು ಹೊಣೆಗಳು ಎದುರುಬದುರಾದಾಗ ಸಂವಾದ ನಿಂತು ಅನ್ನ ನಿಲ್ಲುವುದೇ ದುರಂತ. ದೇವಚಂದ್ರನ ಕಥೆಯಲ್ಲಿ ಅಕ್ಕನ ಮನೆಯೊಂದು ತೆರೆದಿದ್ದುದು ಸಣ್ಣ ಸಂಗತಿಯಲ್ಲ. ಅತ್ತಿಮಬ್ಬೆಯ ಔದಾರ್ಯದ ಹೆಸರಿಲ್ಲದ ಪ್ರತಿರೂಪ ಅವಳು.

ಕಾವ್ಯವಂತೂ ಎಲ್ಲವನ್ನೂ ಮೀರಿ ಉಳಿಯಿತು. ಕನ್ನಡಿಗರು, ತೆಲುಗರು, ತುಳುವರು ಮೂವರೂ ತಮ್ಮತಮ್ಮ ನುಡಿಯಲ್ಲಿ ಮೆಚ್ಚಿ ಮೈಯುಬ್ಬಿ ಕೇಳಬೇಕೆಂಬುದು ಕಾವ್ಯಾರಂಭದಲ್ಲಿ ಕವಿ ಮಾಡಿದ ಹಾರೈಕೆ. ಅದು ಘಟ್ಟದ ಮೇಲೂ ಕೆಳಗೂ ಏಕಕಾಲಕ್ಕೆ ಕಣ್ಣಿಟ್ಟಿದ್ದ ಸೀಮೆಯ ಕವಿಗೆ ಮಾತ್ರ ಬರಬಹುದಾದ ಹಾರೈಕೆ. ಹಾಡಬಲ್ಲ ಸಾಂಗತ್ಯವನ್ನು ಅವನು ಆರಿಸಿಕೊಂಡುದರ ಮರ್ಮವೂ ಇದೇ.

ಘಟ್ಟದ ಮೂಡಣ: ಒಂಬತ್ತು ವರ್ಷಗಳ ವ್ರತ

ಘಟ್ಟದ ಇನ್ನೊಂದು ಮಗ್ಗುಲಿನ ಕವಿಯ ಬಾಳು ಹೊರನೋಟಕ್ಕೆ ಶಾಂತವಾದದ್ದು. ಹಿರೇಕೊಡಿಗೆಯಲ್ಲಿ ಹುಟ್ಟಿ, ಕುಪ್ಪಳಿಯಲ್ಲಿ ಬೆಳೆದು, ತೀರ್ಥಹಳ್ಳಿಯಲ್ಲಿ ಓದಿ ಮೈಸೂರಿಗೆ ಹೋದ ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆದರು. 1922ರಲ್ಲಿ ಒಂದು ಸಂಕಲನವೂ ಹೊರಬಂದಿತು. ಮಾತೃಭಾಷೆಯಲ್ಲಿ ಬರೆಯುವಂತೆ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮಾತು ಅವರನ್ನು ಕನ್ನಡಕ್ಕೆ ತಿರುಗಿಸಿದ್ದು ಎಲ್ಲರೂ ಬಲ್ಲ ಸಂಗತಿ. ಸ್ಫೂರ್ತಿಯ ಚರಿತ್ರೆಯಲ್ಲಿ ಈ ಘಟನೆಗೆ ಒಂದು ಅರ್ಥವಿದೆ. ಮಲೆನಾಡು ಅವರೊಳಗೆ ಮೊದಲೇ ಇತ್ತು. ಅದು ಹರಿಯಬೇಕಾದ ಕಾಲುವೆಯನ್ನು ಮಾತ್ರ ಹೊರಗಿನವರೊಬ್ಬರು ತೋರಿಸಿದರು.

ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಸಾನ್ನಿಧ್ಯದಲ್ಲಿದ್ದ ಯುವಕವಿಗೆ ಸನ್ಯಾಸದ ಸೆಳೆತ ಹೊಸದಲ್ಲ. ಆದರೆ ಅವರು ನಡೆದದ್ದು ಗೃಹಸ್ಥನ ಹಾದಿಯಲ್ಲಿ. 1929ರಲ್ಲಿ ಮಹಾರಾಜ ಕಾಲೇಜಿನ ಅಧ್ಯಾಪಕರಾದರು; 1937ರಲ್ಲಿ ಹೇಮಾವತಿಯವರನ್ನು ಮದುವೆಯಾದರು. 'ಕಾನೂರು ಹೆಗ್ಗಡಿತಿ' ಬೆಳಕು ಕಂಡ 1936ರಲ್ಲೇ 'ಶ್ರೀರಾಮಾಯಣ ದರ್ಶನಂ' ಆರಂಭವಾಯಿತು. ಪಾಠಪ್ರವಚನ, ಸಂಸಾರ, ಮಕ್ಕಳ ಪಾಲನೆ ಎಲ್ಲದರ ನಡುವೆ ಸುಮಾರು ಒಂಬತ್ತು ವರ್ಷ ಆ ಕಾವ್ಯ ನಡೆಯಿತು. 22,291 ಸಾಲುಗಳ ಈ ಮಹಾಛಂದಸ್ಸಿನ ಕೃತಿಯನ್ನು ಒಂಬತ್ತು ವರ್ಷಗಳಿಗೆ ಹಂಚಿದರೆ ದಿನಕ್ಕೆ ಏಳು ಸಾಲೂ ಆಗುವುದಿಲ್ಲ. ಒಂದೇ ಆವೇಶದಲ್ಲಿ ಉಕ್ಕಿದ ಕಾವ್ಯವಲ್ಲ ಅದು. ಸಾಮಾಯಿಕದಂತೆ ಮತ್ತೆ ಮತ್ತೆ ಮರಳಿ ಕೂತು ಕಟ್ಟಿದ್ದು. ಅದರಲ್ಲಿ ಹೋಮರ್, ವರ್ಜಿಲ್, ಡಾಂಟೆಯರ ಜೊತೆಗೆ ಪಂಪನಿಗೂ ಕವಿ ನಮಿಸಿರುವುದು ಈ ಪರಂಪರೆಯ ಅರಿವಿನಿಂದಲೇ.

ರತ್ನಾಕರನಂತೆ ಕುವೆಂಪು ಕೂಡ ಪುರಾಣಕಥೆಯನ್ನು ತಿದ್ದಿದವರು. 'ದರ್ಶನಂ'ನಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಹೊಗುತ್ತಾನೆ. 'ಶೂದ್ರ ತಪಸ್ವಿ' ನಾಟಕದಲ್ಲಿ ಶಂಬೂಕನ ಕಥೆಗೆ ಅವರು ಕೊಟ್ಟ ತಿರುವನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಆದರೆ ಈ ಬಾರಿ ವಾದ ಬರಹದಲ್ಲೇ ಉಳಿಯಿತು. ಯಾರ ಮನೆಯ ಬಾಗಿಲೂ ಮುಚ್ಚಲಿಲ್ಲ, ಯಾರ ಅನ್ನವೂ ನಿಲ್ಲಲಿಲ್ಲ. ಆಕ್ಷೇಪವೆತ್ತಿದವರು ಮತ್ತು ಅದಕ್ಕೆ ಗುರಿಯಾದವರು ಇಬ್ಬರಿಗೂ ಕನ್ನಡಿಗರು ಸಮಾನವಾಗಿ ಗೌರವ ಸಲ್ಲಿಸಿದರು. 1949ರಲ್ಲಿ ಪ್ರಕಟವಾದ 'ದರ್ಶನಂ'ಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ, ಮುಂದೆ 1967ರ ಸಾಲಿನ ಜ್ಞಾನಪೀಠ ಸಂದವು. ದಂತಕಥೆಯ ರತ್ನಾಕರನು ಬೇಡಿ ಪಡೆಯದೆ ಹೋದ ಆನೆಯ ಮೆರವಣಿಗೆ ಇಲ್ಲಿ ಕೇಳದೆಯೇ ಬಂದಿತು. ಈ ವ್ಯತ್ಯಾಸಕ್ಕೆ ಇಬ್ಬರು ಕವಿಗಳ ಸ್ವಭಾವಭೇದವಷ್ಟೇ ಕಾರಣವಲ್ಲ. ವಿಶ್ವವಿದ್ಯಾನಿಲಯದ ಸಂಬಳ, ಪ್ರಕಟಣೆಯ ವ್ಯವಸ್ಥೆ, ಓದುಗ ಸಮುದಾಯ ಇವು ಭೈರರಸನ ಆಸ್ಥಾನಕ್ಕಿಂತಲೂ ಭಟ್ಟಾರಕಪೀಠಕ್ಕಿಂತಲೂ ಭಿನ್ನವಾದ ಆಸರೆಯನ್ನು ಕವಿಗೆ ಒದಗಿಸಿದ್ದವು.

ಏರಿ, ತೂಬು, ಕೋಡಿ

ಈ ಚರಿತ್ರೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಕನ್ನಡದ ಹಿರಿಯ ಕವಿಗಳಲ್ಲಿ ಬಹುಮಂದಿ ಲೋಕದಿಂದ ಹಿಂದೆ ಸರಿದವರಲ್ಲ. ಪಂಪನ ಕತ್ತಿ, ಜನ್ನನ ಮಂತ್ರಿಪದವಿ, ಕುವೆಂಪು ಅವರ ತರಗತಿ ಕಾವ್ಯಕ್ಕೆ ಅಡ್ಡಿಯಾಗುವ ಬದಲು ಅದಕ್ಕೆ ಬೇಕಾದ ದ್ರವ್ಯವನ್ನು ಕೊಟ್ಟವು. ಎರಡನೆಯದಾಗಿ, ಸಮತೋಲವೆಂದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮಭಾರವಿಡುವುದಲ್ಲ. ಪ್ರತಿಯೊಂದು ಕೆಲಸಕ್ಕೂ ಅದರ ಎಲ್ಲೆಯನ್ನು ಗೊತ್ತುಮಾಡುವುದು. ಪಂಪನು ಎರಡು ಕೃತಿಗಳಿಗೆ ಮಾಡಿದಂತೆ, ಶ್ರಾವಕನು ದಿನದ ಒಂದು ಮುಹೂರ್ತಕ್ಕೆ ಮಾಡುವಂತೆ. ಮೂರನೆಯದಾಗಿ, ಆ ಎಲ್ಲೆಯನ್ನು ಕವಿಯೊಬ್ಬನೇ ಕಾಯಲಾರನು. ಓಲೆ ಬರೆಯಿಸಿದ ಅತ್ತಿಮಬ್ಬೆ, ಬಾಗಿಲು ತೆರೆದ ಅಕ್ಕ, ಆಕ್ಷೇಪಿಸಿಯೂ ಗೌರವಿಸಿದ ಸಹಲೇಖಕ ಇವರೆಲ್ಲರೂ ಅದರ ಕಾವಲುಗಾರರು.

ಕೆರೆಕಟ್ಟೆ ಎಂಬ ಹೆಸರಿನ ಎರಡು ಪದಗಳೂ ಕನ್ನಡಿಗರ ನಿತ್ಯದ ಮಾತಿಗೆ ಸೇರಿದವು. ಮಳೆ ಎಷ್ಟು ಸುರಿದರೂ ಏರಿಯಿಲ್ಲದೆ ಕೆರೆಯಾಗದು. ತೂಬಿಲ್ಲದೆ ಕೆರೆಯ ನೀರು ಗದ್ದೆಗೆ ಇಳಿಯದು. ಕೋಡಿಯಿಲ್ಲದಿದ್ದರೆ ಹೆಚ್ಚಿದ ನೀರು ಏರಿಯನ್ನೇ ಒಡೆಯುತ್ತದೆ. ಏರಿಯನ್ನು ಕಟ್ಟುವುದೂ ಹೂಳೆತ್ತುವುದೂ ಒಬ್ಬನಿಂದ ಆಗುವ ಕೆಲಸವಲ್ಲ, ಅದು ಊರಿನ ಕೆಲಸ. ಸ್ಫೂರ್ತಿಯ ಮಳೆ ಘಟ್ಟದ ಎರಡೂ ಮಗ್ಗುಲಲ್ಲಿ ಧಾರಾಳವಾಗಿಯೇ ಸುರಿಯಿತು. ಒಂದು ಮಗ್ಗುಲಿನ ಕವಿಯ ಹೆಸರಿನ ಸುತ್ತ ಒಡೆದ ಏರಿಯ ಕಥೆ ಹುಟ್ಟಿಕೊಂಡಿತು, ಇನ್ನೊಂದು ಮಗ್ಗುಲಿನ ಕವಿಗೆ ಊರೇ ಏರಿಯಾಗಿ ನಿಂತಿತು. ಇಂದು ಬರೆಯಲು ತೊಡಗುವ ವಿದ್ಯಾರ್ಥಿಗೂ, ಅವನ ಬರಹವನ್ನು ಓದಿ ತೂಗುವ ಸಮಾಜಕ್ಕೂ ಈ ಇಬ್ಬರ ಚರಿತ್ರೆಯನ್ನು ಒಟ್ಟಿಗೆ ಓದುವುದರಿಂದ ಪ್ರಯೋಜನವಿದೆ.